ಹಾಡು ನಿಲ್ಲಿಸಿದ ತಾಯಿ

ಮಕ್ಕಳೇ, ಒಮ್ಮೆ ನಾನು ಜತ್ತ ತಾಲೂಕಿನ ಒಂದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ. ನಿಮ್ಮ ಅಪ್ಪ ಏನು ಮಾಡುತ್ತಾರೆ, ನಿಮ್ಮ ಅವ್ವ ಏನು ಮಾಡುತ್ತಾಳೆ ಎಂಬುದೇ ಆ ಪ್ರಶ್ನೆ. ಅಪ್ಪಂದಿರ ವಿಷಯದಲ್ಲಿ ಉತ್ತರಗಳು ಬೇಗ ಬೇಗ ಬಂದವು. ಒಬ್ಬನ ಅಪ್ಪ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದರು. ಒಬ್ಬಳ ಅಪ್ಪ ಎಸ್.ಟಿ. ಬಸ್ಸಿನ ಚಾಲಕರು. ಇನ್ನೊಬ್ಬನ ಅಪ್ಪ ಕುರಿ ಸಾಕಿದ್ದರು. ಅವ್ವನ ಸರದಿ ಬಂದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಮಾತು ಹೇಳಿದರು. ಅವ್ವ ಏನೂ ಮಾಡುವುದಿಲ್ಲ, ಸುಮ್ಮನೆ ಮನೆಯಲ್ಲಿರುತ್ತಾಳೆ ಎಂದರು.

ಅದು ಬೇಸಿಗೆಯ ಕಾಲ. ಊರಿಗೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಶಾಲೆಯ ಕಿಟಕಿಯಿಂದ ನೋಡಿದರೆ ಕೊಡಗಳ ಸಾಲು ಕಾಣುತ್ತಿತ್ತು. ಆ ಸಾಲಿನಲ್ಲಿ ಬಿಸಿಲಿಗೆ ನಿಂತವರೆಲ್ಲ ಇದೇ ಮಕ್ಕಳ ಅವ್ವಂದಿರು. ನಾನು ಆಗ ಮಕ್ಕಳಿಗೆ ಏನೂ ಹೇಳಲಿಲ್ಲ. ಏಕೆಂದರೆ ನಾನೂ ಚಿಕ್ಕವನಿದ್ದಾಗ ನನ್ನ ಗುರುಗಳಿಗೆ ಇದೇ ಉತ್ತರ ಕೊಟ್ಟಿದ್ದೆ. ಮರುದಿನ ಅವರಿಗೆ ಒಬ್ಬ ತಾಯಿಯ ಕಥೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ನೀವು ಕೇಳಿರಬಹುದು. ಹಿಂದುಸ್ತಾನಿ ಸಂಗೀತದಲ್ಲಿ ನಮ್ಮ ದೇಶದ ಬಹು ದೊಡ್ಡ ಗಾಯಕಿ ಅವರು. ಅವರ ಭಾವಚಿತ್ರವನ್ನು ಪುಸ್ತಕಗಳಲ್ಲಿ ನೋಡಬಹುದು. ಹಣೆಯ ಮೇಲೆ ಕುಂಕುಮ, ತಲೆಯಲ್ಲಿ ಹೂವು, ಮೈತುಂಬ ಸೆರಗು. ನೋಡಿದರೆ ನಮ್ಮ ಓಣಿಯ ಯಾವುದೋ ಅಜ್ಜಿಯಂತೆ ಕಾಣುತ್ತಾರೆ. ಹಾಡಲು ತೊಡಗಿದರೆ ಮಾತ್ರ ಸಭೆಯೆಲ್ಲ ನಡುಗುವಂಥ ಗಂಭೀರ ದನಿ. ಈ ಕಥೆಯಲ್ಲಿ ಅವರೂ ಇದ್ದಾರೆ. ಆದರೆ ಇದು ಮೊದಲು ಅವರ ತಾಯಿಯ ಕಥೆ. ತಾಯಿಯ ಹೆಸರು ಅಂಬಾಬಾಯಿ.

ಅಂಬಾಬಾಯಿಯವರು ಧಾರವಾಡದ ಶುಕ್ರವಾರಪೇಟೆಯಲ್ಲಿ ವಾಸವಾಗಿದ್ದರು. ಅವರ ಮನೆತನದ ಹೆಂಗಸರಿಗೆ ಹಾಡುವುದು ಪರಂಪರೆಯಿಂದ ಬಂದ ವಿದ್ಯೆ. ಅಂಬಾಬಾಯಿಯವರ ತಾಯಿ ಕಮಲಾಬಾಯಿಯವರೂ ಹಾಡುತ್ತಿದ್ದರು. ಅಂಬಾಬಾಯಿಯವರು ಕಲಿತದ್ದು ಕರ್ನಾಟಕ ಸಂಗೀತ. ಗಂಗೂಬಾಯಿಯವರ ತಂದೆ ಚಿಕ್ಕೂರಾವ್ ನಾಡಿಗೇರ ಅವರು ಒಕ್ಕಲುತನದವರು. 1913ರ ಮಾರ್ಚ್ 5ರಂದು ಗಂಗೂಬಾಯಿ ಹುಟ್ಟಿದರು.

ಇಲ್ಲಿ ನಿಮಗೆ ಒಂದು ವಿಷಯ ತಿಳಿಸಬೇಕು. ನಮ್ಮ ದೇಶದಲ್ಲಿ ಎರಡು ಬಗೆಯ ಶಾಸ್ತ್ರೀಯ ಸಂಗೀತ ಇವೆ. ದಕ್ಷಿಣದ ಕಡೆ ಕರ್ನಾಟಕ ಸಂಗೀತ, ಉತ್ತರದ ಕಡೆ ಹಿಂದುಸ್ತಾನಿ ಸಂಗೀತ. ಎರಡಕ್ಕೂ ಸ್ವರಗಳು ಏಳೇ. ಆದರೆ ಸ್ವರವನ್ನು ಎತ್ತುವ, ಇಳಿಸುವ, ತೂಗುವ ರೀತಿ ಬೇರೆ ಬೇರೆ. ಧಾರವಾಡದಲ್ಲಿ ಈ ಎರಡೂ ಸಂಗೀತಗಳು ಒಟ್ಟಿಗೆ ಸೇರುತ್ತಿದ್ದವು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಅಲ್ಲಿಗೆ ಬಂದು ತಿಂಗಳುಗಟ್ಟಲೆ ಆಟ ಆಡುತ್ತಿದ್ದವು. ಅವುಗಳ ಜೊತೆಗೆ ಹಿಂದುಸ್ತಾನಿ ರಾಗಗಳೂ ಊರೂರಿಗೆ ಬಂದವು.

ಅಂಬಾಬಾಯಿಯವರ ಹಾಡನ್ನು ಕೇಳಲು ಸಂಗೀತ ಬಲ್ಲವರು ಅವರ ಮನೆಗೇ ಬರುತ್ತಿದ್ದರು. ಹಾಗೆ ಬಂದವರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರೂ ಒಬ್ಬರು. ಈ ಹೆಸರು ನಮ್ಮ ಸಾಂಗಲಿ ಜಿಲ್ಲೆಯವರಿಗೆ ಹೊಸದಲ್ಲ. ಖಾನಸಾಹೇಬರು ಉತ್ತರ ಪ್ರದೇಶದ ಕೈರಾನಾ ಊರಿನವರು. ಕೊನೆಗೆ ಮನೆ ಮಾಡಿ ನೆಲೆಸಿದ್ದು ನಮ್ಮ ಮಿರಜಿನಲ್ಲಿ. 1937ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದೂ ಮಿರಜಿನ ಮೀರಾಸಾಹೇಬರ ದರ್ಗಾದ ಅಂಗಳದಲ್ಲಿಯೇ. ಅವರು ಹಾಡುತ್ತಿದ್ದ ಪದ್ಧತಿಗೆ ಕಿರಾನಾ ಘರಾಣೆ ಎಂದು ಹೆಸರು. ಅಷ್ಟು ದೊಡ್ಡ ಗಾಯಕರು ಅಂಬಾಬಾಯಿಯವರ ಎದುರು ಕುಳಿತು ಹಾಡು ಕೇಳಿದರು. ಕೇಳಿ, ತಾವು ಧಾರವಾಡದಲ್ಲಿ ಇರದೆ ತಂಜಾವೂರಿನಲ್ಲಿಯೇ ಇದ್ದಂತೆ ಅನಿಸುತ್ತಿದೆ ಎಂದು ಮೆಚ್ಚಿಕೊಂಡರಂತೆ. ತಂಜಾವೂರು ಕರ್ನಾಟಕ ಸಂಗೀತದ ತವರುಮನೆ. ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಬೇಕು?

ಆದರೆ ಮನೆಯೊಳಗೆ ಸಿಗುವ ಮಾನ ಓಣಿಯಲ್ಲಿ ಸಿಗುತ್ತಿರಲಿಲ್ಲ. ಹೆಂಗಸರು ಹಾಡಿ ಜೀವನ ಮಾಡುವುದನ್ನು ಆ ಕಾಲದ ಜನ ಕೀಳಾಗಿ ಕಾಣುತ್ತಿದ್ದರು. ಜಾತಿಯ ಭೇದವಂತೂ ಇದ್ದೇ ಇತ್ತು. ಪುಟ್ಟ ಗಂಗೂ ಬೀದಿಯಲ್ಲಿ ಹೋಗುವಾಗ ಹಾಡುವವಳು ಬಂದಳು ಎಂದು ಹಂಗಿಸುವವರಿದ್ದರು. ಒಮ್ಮೆ ಆಕೆ ನೆರೆಯವರ ಹಿತ್ತಲಲ್ಲಿ ಮಾವಿನಕಾಯಿ ಕಿತ್ತಳು. ಮನೆಯವರಿಗೆ ಸಿಟ್ಟು ಬಂತು. ಕಾಯಿ ಹೋಯಿತೆಂದು ಬಂದ ಸಿಟ್ಟಲ್ಲ ಅದು. ಹಾಡುವವರ ಮಗಳು ತಮ್ಮ ಹಿತ್ತಲಲ್ಲಿ ಕಾಲಿಟ್ಟಳಲ್ಲ ಎಂದು ಸಿಟ್ಟು! ಗಂಗೂಬಾಯಿಯವರು ಮುಂದೆ ದೊಡ್ಡ ಗಾಯಕಿಯಾದ ಮೇಲೆ ಅದೇ ಮನೆಯವರು ಅವರನ್ನು ಊಟಕ್ಕೆ ಕರೆದರು. ಅವರು ಹೋಗಿ ಉಂಡು ಬಂದರು. ಆದರೆ ಮಾವಿನಕಾಯಿಯ ಸಂಗತಿಯನ್ನು ಅವರು ಕೊನೆಯವರೆಗೂ ಮರೆತಿರಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂ ಕೂಡ ಇದ್ದಳು. ಆಗ ಆಕೆಗೆ 11 ವರ್ಷ. ಅಷ್ಟೊಂದು ಜನರ ಮುಂದೆ ಹಾಡುವ ಅಂಜಿಕೆ ಆಕೆಗೆ ಇರಲಿಲ್ಲ. ಇದ್ದ ಅಂಜಿಕೆಯೇ ಬೇರೆ. ಊಟವಾದ ಮೇಲೆ ಎಲ್ಲರ ಎಂಜಲು ಎಲೆಗಳನ್ನು ನೀನೇ ಎತ್ತು ಎಂದು ತನಗೆ ಹೇಳಿಬಿಟ್ಟರೆ ಏನು ಮಾಡುವುದು ಎಂದು ಆ ಮಗುವಿನ ಚಿಂತೆ. ಹಾಗೆ ಯಾರೂ ಹೇಳಲಿಲ್ಲ. ಆದರೂ ನೋಡಿ, ಮಕ್ಕಳೇ, ಹನ್ನೊಂದು ವರ್ಷದ ಹುಡುಗಿಯ ತಲೆಯಲ್ಲಿ ಇಂಥ ಚಿಂತೆ ಬರಬೇಕಾದರೆ ಆ ಕಾಲ ಎಂಥದಿರಬೇಕು!

ಈಗ ಮುಖ್ಯ ಸಂಗತಿಗೆ ಬರೋಣ.

ಗಂಗೂಗೆ ಹಾಡಿನ ಹುಚ್ಚು ಹಿಡಿದದ್ದು ಗ್ರಾಮಫೋನಿನಿಂದ. ಗ್ರಾಮಫೋನ್ ಎಂದರೆ ಹಾಡು ಕೇಳಿಸುವ ಪೆಟ್ಟಿಗೆ. ಅದಕ್ಕೆ ಕರೆಂಟು ಬೇಕಿರಲಿಲ್ಲ. ಹಿಡಿಕೆ ತಿರುಗಿಸಿ ಕೀಲಿ ಕೊಟ್ಟರೆ ಕಪ್ಪು ತಟ್ಟೆ ಗರಗರ ತಿರುಗುತ್ತಿತ್ತು. ಅದರ ಮೇಲೆ ಸೂಜಿ ಇಟ್ಟರೆ ತಟ್ಟೆಯ ಗೆರೆಗಳಿಂದ ಹಾಡು ಹೊರಡುತ್ತಿತ್ತು. ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಅಷ್ಟೇ. ನಮ್ಮ ದೇಶದಲ್ಲಿ ಇಂಥ ತಟ್ಟೆಗಳಿಗೆ ಹಾಡು ತುಂಬುವ ಕೆಲಸ 1902ರಲ್ಲಿ ಕೋಲ್ಕತ್ತಾದಲ್ಲಿ ಆರಂಭವಾಯಿತು. ಮೊದಮೊದಲು ಹಾಡಿದವರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಪ್ರಸಿದ್ಧರು. ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅದೂ ತಟ್ಟೆಯಲ್ಲಿ ಮೂಡುತ್ತಿತ್ತು. ಬೀದಿಯಲ್ಲಿ ಎಲ್ಲಿಯಾದರೂ ಗ್ರಾಮಫೋನಿನ ದನಿ ಕೇಳಿದರೆ ಸಾಕು, ಗಂಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಕೇಳಿ ಬಂದು ಹಾಗೆಯೇ ಹಾಡಲು ನೋಡುತ್ತಿದ್ದಳು. ಆಕೆ ಗುನುಗುತ್ತಿದ್ದುದು ಹಿಂದುಸ್ತಾನಿ ಹಾಡುಗಳನ್ನು. ಅವ್ವನ ಕರ್ನಾಟಕ ಸಂಗೀತದ ಹಾಡುಗಳನ್ನಲ್ಲ.

ಇದು ಅವ್ವನ ಗಮನಕ್ಕೆ ಬಂತು. ಮಗಳಿಗೆ ತನ್ನ ವಿದ್ಯೆಯನ್ನೇ ಕಲಿಸಬಹುದಿತ್ತು. ತಾನು ಹಾಡಿದ್ದನ್ನೇ ನೀನೂ ಹಾಡು ಎನ್ನಬಹುದಿತ್ತು. ಹಾಗೆ ಹೇಳುವ ತಂದೆತಾಯಿಗಳು ಎಷ್ಟೋ ಜನ ಇದ್ದಾರೆ. ಅಂಬಾಬಾಯಿ ಹಾಗೆ ಮಾಡಲಿಲ್ಲ. ಮಗಳಿಗೆ ಯಾವುದು ಬೇಕೋ ಅದನ್ನು ಕಲಿಸಲು ಗುರುಗಳನ್ನು ಹುಡುಕಿದರು. ಅದಕ್ಕಾಗಿ 1928ರಲ್ಲಿ ಇಡೀ ಕುಟುಂಬವೇ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದಿತು. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ದಾರಿ. ದಾರಿ ಚಿಕ್ಕದು, ನಿಜ. ಆದರೆ ಹುಟ್ಟಿ ಬೆಳೆದ ಓಣಿ, ಪರಿಚಯದ ಜನ, ತಮ್ಮ ಹಾಡು ಕೇಳಿ ತಲೆದೂಗುತ್ತಿದ್ದವರು ಎಲ್ಲರನ್ನೂ ಬಿಟ್ಟು ಬಂದದ್ದು ಅಂಬಾಬಾಯಿಯವರೇ.

ಹುಬ್ಬಳ್ಳಿಯಲ್ಲಿ ಹುಲಗೂರ ಕೃಷ್ಣಾಚಾರ್ಯರು ಗಂಗೂಬಾಯಿಗೆ ಪಾಠ ಹೇಳಿದರು. ಅವರು ಕಿನ್ನರಿ ಎಂಬ ವಾದ್ಯ ನುಡಿಸುವುದರಲ್ಲಿ ನಿಪುಣರು. ಒಂದು ವರ್ಷದಲ್ಲಿ ಗಂಗೂಬಾಯಿ ಸುಮಾರು 60 ಚೀಜುಗಳನ್ನು ಕಲಿತರು. ಚೀಜು ಎಂದರೆ ರಾಗದಲ್ಲಿ ಹಾಡುವ ಚಿಕ್ಕ ರಚನೆ. ಆಮೇಲೆ ಶುಲ್ಕದ ವಿಷಯದಲ್ಲಿ ಮಾತು ಸರಿಹೋಗದೆ ಆ ಪಾಠ ನಿಂತಿತು. ಮುಂದೆ ದತ್ತೋಪಂತ ದೇಸಾಯಿ ಎಂಬವರು ಕೆಲಕಾಲ ಕಲಿಸಿದರು.

ಮಗಳ ಹಿಂದುಸ್ತಾನಿ ಪಾಠ ನಡೆದಿರುವಾಗ ಅಂಬಾಬಾಯಿ ಒಂದು ನಿರ್ಧಾರ ಮಾಡಿದರು. ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಏಕೆ ಎಂದು ಕೇಳುತ್ತೀರಾ? ಹೇಳುತ್ತೇನೆ. ನಾವು ಗಡಿಯ ಜನ. ಮನೆಯಲ್ಲಿ ಕನ್ನಡ ಆಡುತ್ತೇವೆ, ಸಂತೆಗೆ ಹೋದರೆ ಮರಾಠಿ ಆಡುತ್ತೇವೆ. ಆಡುತ್ತ ಆಡುತ್ತ ಕನ್ನಡದಲ್ಲಿ ಮರಾಠಿ ಶಬ್ದ ಬರುತ್ತದೆ, ಮರಾಠಿಯಲ್ಲಿ ಕನ್ನಡದ ಎಳೆ ಬರುತ್ತದೆ. ಮಾತಿನಲ್ಲಿ ಅದರಿಂದ ಏನೂ ಕೆಡುವುದಿಲ್ಲ. ನನಗಂತೂ ಅದು ಚಂದವೇ ಅನಿಸುತ್ತದೆ. ಆದರೆ ರಾಗವನ್ನು ಹೊಸದಾಗಿ ಕಲಿಯುವ ಕಿವಿ ಬಹಳ ಮೃದು. ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ಸ್ವರವನ್ನು ಒಂದು ಬಗೆಯಲ್ಲಿ ತೂಗುತ್ತಾಳೆ. ಸಂಜೆ ಗುರುಗಳು ಅದೇ ಸ್ವರವನ್ನು ಇನ್ನೊಂದು ಬಗೆಯಲ್ಲಿ ಎಳೆಯುತ್ತಾರೆ. ಮಗುವಿನ ಕಂಠದಲ್ಲಿ ಎರಡೂ ಕಲೆತುಹೋಗುತ್ತವೆ. ಹಾಗಾಗಬಾರದು, ಮಗಳ ಕಿವಿಗೆ ಒಂದೇ ಪದ್ಧತಿ ಬೀಳಬೇಕು ಎಂದು ಅಂಬಾಬಾಯಿ ತಮ್ಮ ಹಾಡನ್ನು ಬಿಟ್ಟರು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ನಿಮಗೆ ಕಬಡ್ಡಿ ಇಷ್ಟವೇ? ಚಿತ್ರ ಬರೆಯುವುದು ಇಷ್ಟವೇ? ಅದನ್ನು ನಾಳೆಯಿಂದ ಬಿಡಿ ಎಂದರೆ ಎಷ್ಟು ದಿನ ತಡೆದೀರಿ? ಅಂಬಾಬಾಯಿಯವರಿಗೆ ಹಾಡು ಆಟದಂತಲ್ಲ. ತಾಯಿಯಿಂದ ಬಂದ ವಿದ್ಯೆ ಅದು. ಮಿರಜಿನ ಖಾನಸಾಹೇಬರು ಕುಳಿತು ಕೇಳಿದ ಹಾಡು ಅದು. ಅದಕ್ಕಾಗಿ ಅವರು ಓಣಿಯವರ ಮಾತು ಕೇಳಿದ್ದರು. ಅಷ್ಟು ಸಹಿಸಿ ಉಳಿಸಿಕೊಂಡದ್ದನ್ನು ಮಗಳಿಗಾಗಿ ತಾವಾಗಿಯೇ ಕೈಬಿಟ್ಟರು. ಇನ್ನೊಂದು ಮಾತು. ತಾಯಿ ಹಾಡಿದರೆ ಮನೆಯವರಿಗೆ ಕೇಳಿಸುತ್ತದೆ. ಹಾಡದೆ ಇದ್ದರೆ ಏನು ಕೇಳಿಸುತ್ತದೆ? ಪಡಸಾಲೆಯಲ್ಲಿ ಮಗಳ ತಂಬೂರಿಯ ನಾದ, ಗುರುಗಳ ಪಾಠ, ತಬಲೆಯ ಪೆಟ್ಟು. ಒಳಗೆ ಪಾತ್ರೆಗಳ ಸಪ್ಪಳ. ಹೊರಗಿನಿಂದ ಬಂದವರಿಗೆ ಅಲ್ಲಿ ಏನೋ ಒಂದು ನಿಂತಿದೆ ಎಂಬ ಸುಳಿವೂ ಸಿಗಲಾರದು.

ಗಂಗೂಬಾಯಿಯವರಿಗೆ 16ನೆಯ ವಯಸ್ಸಿನಲ್ಲಿ ಗುರುರಾವ್ ಕೌಲಗಿ ಎಂಬ ವಕೀಲರೊಂದಿಗೆ ಮದುವೆಯಾಯಿತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಎರಡು ವಾರಗಳಲ್ಲಿ ತಂದೆಯೂ ಹೋದರು. ಗಂಗೂಬಾಯಿಯವರಿಗೆ ಆಗ 20 ವರ್ಷವೂ ತುಂಬಿರಲಿಲ್ಲ. ಯಾವ ಮಗಳು ಹಾಡಲಿ ಎಂದು ಅವ್ವ ಸುಮ್ಮನಾಗಿದ್ದರೋ ಆ ಮಗಳು ಹೆಸರು ಮಾಡುವುದನ್ನು ನೋಡಲು ಅವ್ವ ಉಳಿಯಲಿಲ್ಲ.

ನಿಜವಾದ ದೊಡ್ಡ ಪಾಠ ಆರಂಭವಾದದ್ದು ಅದಾಗಿ ಆರು ವರ್ಷಗಳ ಮೇಲೆ, 1938ರಲ್ಲಿ. ಗುರುಗಳು ಸವಾಯಿ ಗಂಧರ್ವರು. ಅವರ ನಿಜವಾದ ಹೆಸರು ರಾಮಭಾವು ಕುಂದಗೋಳಕರ. ಅವರೂ ಮಿರಜಿನ ಅಬ್ದುಲ್ ಕರೀಂ ಖಾನರ ಶಿಷ್ಯರೇ. ಕನ್ನಡದ ನೆಲದವರಾದರೂ ಮರಾಠಿ ನಾಟಕಗಳಲ್ಲಿ ಹಾಡಿ ಮಹಾರಾಷ್ಟ್ರದಲ್ಲೆಲ್ಲ ಮನೆಮಾತಾಗಿದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ಸಂಜೆಯ ರೈಲು ಹಿಡಿದು ಕುಂದಗೋಳಕ್ಕೆ ಹೋಗುತ್ತಿದ್ದರು. ಪಾಠ ಮುಗಿಸಿಕೊಂಡು ರಾತ್ರಿಯ ರೈಲಿಗೆ ತಿರುಗಿ ಬರುತ್ತಿದ್ದರು. ಕತ್ತಲೆಯಲ್ಲಿ ನಿಲ್ದಾಣದವರೆಗೆ ಅವರನ್ನು ಮುಟ್ಟಿಸಿ ಬರುತ್ತಿದ್ದ ಒಬ್ಬ ಹುಡುಗ ಗುರುಗಳ ಮನೆಯಲ್ಲಿದ್ದ. ಅವನೇ ಮುಂದೆ ಭಾರತರತ್ನ ಪಂಡಿತ ಭೀಮಸೇನ ಜೋಶಿಯವರಾದದ್ದು. ಗುರುಗಳು ಒಂದು ಚಿಕ್ಕ ಸ್ವರಮಾಲೆಯನ್ನು ಕೊಟ್ಟರೆ ಅದನ್ನೇ ದಿನಗಟ್ಟಲೆ ಹಾಡಿಸುತ್ತಿದ್ದರು. ಜಿಪುಣನು ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕೆಂದು ಅವರು ಕಲಿಸಿದರಂತೆ. ಸುಮಾರು ಮೂರು ವರ್ಷ ಹೀಗೆ ನಡೆಯಿತು.

ಆ ಹೊತ್ತಿಗೆ ಗಂಗೂಬಾಯಿಯವರೂ ತಾಯಿಯಾಗಿದ್ದರು. ನಾರಾಯಣ, ಬಾಬುರಾವ್ ಎಂಬ ಇಬ್ಬರು ಗಂಡುಮಕ್ಕಳು, ಕೃಷ್ಣಾ ಎಂಬ ಮಗಳು. ಗುರುರಾವ್ ಅವರು ಕೈಹಾಕಿದ ವ್ಯಾಪಾರಗಳು ಕೂಡಿಬರಲಿಲ್ಲ. ಮನೆಯ ಖರ್ಚೆಲ್ಲ ಗಂಗೂಬಾಯಿಯವರ ಹಾಡಿನ ಮೇಲೆ ಬಿತ್ತು. ಹಗಲು ಮನೆ, ಸಂಜೆ ಪಾಠ, ಕಛೇರಿ ಇದ್ದರೆ ರಾತ್ರಿಯಿಡೀ ಪ್ರಯಾಣ. ಮುಂಬಯಿ, ಕೋಲ್ಕತ್ತಾ, ದಿಲ್ಲಿ ಎಂದು ಊರೂರು ತಿರುಗಿದರು. ರೇಡಿಯೋದಲ್ಲಿ ಹಾಡಿದರು. ಗ್ರಾಮಫೋನಿನ ದನಿಗೆ ಓಡುತ್ತಿದ್ದ ಹುಡುಗಿಯ ದನಿಯೇ ಗ್ರಾಮಫೋನಿನಲ್ಲಿ ಬಂತು. ನಡುವೆ ಗಂಟಲಿನ ಕಾಯಿಲೆಗೆ ಚಿಕಿತ್ಸೆ ಮಾಡಿಸಿದಾಗ ಅವರ ದನಿಯೇ ಬದಲಾಯಿತು. ಮೊದಲಿನ ತೆಳುವಾದ ದನಿ ಹೋಗಿ ಗಂಡಸರ ದನಿಯಂತೆ ದಪ್ಪವಾಯಿತು. ಇನ್ನೊಬ್ಬರಾಗಿದ್ದರೆ ಹಾಡನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲಿಯೇ ಹಾಡಿದರು. ಆ ದನಿಗೇ ಜನ ಅವರನ್ನು ಗುರುತಿಸಿದರು.

1971ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿ ಕೊಟ್ಟಿತು. 2002ರಲ್ಲಿ ಪದ್ಮವಿಭೂಷಣ ಬಂತು. ಅಂಬಾಬಾಯಿ ತೀರಿಕೊಂಡು ಆಗ 70 ವರ್ಷಗಳಾಗಿದ್ದವು. ಐದನೆಯ ಇಯತ್ತೆಯವರೆಗೆ ಮಾತ್ರ ಕಲಿತಿದ್ದ ಅವರ ಹೆಸರಿನಲ್ಲಿ ಈಗ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೇ ಇದೆ.

ಕೃಷ್ಣಾ ಅವರ ಬಗ್ಗೆಯೂ ಹೇಳಬೇಕು. ಅವರ ಹೆಸರನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಗಾಯಕರ ಹಿಂದೆ ತಂಬೂರಿ ಮೀಟುತ್ತ ಕುಳಿತವರನ್ನು ನೀವು ನೋಡಿರಬೇಕು. ತಂಬೂರಿಗೆ ನಾಲ್ಕು ತಂತಿಗಳು. ಹಾಡು ಆರಂಭವಾಗುವ ಮೊದಲೇ ಅದು ನುಡಿಯಬೇಕು, ಹಾಡು ಮುಗಿಯುವವರೆಗೂ ನಿಲ್ಲಬಾರದು. ಮಿರಜಿನ ಕುಶಲಕರ್ಮಿಗಳು ದೊಡ್ಡ ಸೋರೆಬುರುಡೆಗಳಿಂದ ಮಾಡುವ ತಂಬೂರಿಗಳು ದೇಶಕ್ಕೆಲ್ಲ ಹೋಗುತ್ತವೆ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ಎಂಬ ಸರಕಾರಿ ಮಾನ್ಯತೆಯೂ ಸಿಕ್ಕಿತು. ಕೃಷ್ಣಾ ಎಷ್ಟೋ ವರ್ಷ ತಾಯಿಯ ಹಿಂದೆ ಕುಳಿತು ಜೊತೆಗೆ ಹಾಡಿದರು. ತಾಯಿಯ ದಪ್ಪ ದನಿ ಕೆಳಗೆ ನಡೆಯುತ್ತಿದ್ದರೆ ಮಗಳ ತೆಳು ದನಿ ಮೇಲಿನ ಸ್ವರಗಳನ್ನು ಮುಟ್ಟುತ್ತಿತ್ತು. ಅವರೇ ಮುಂದೆ ಕುಳಿತು ಹಾಡುವಷ್ಟು ವಿದ್ಯೆ ಅವರಲ್ಲಿತ್ತು. ಆದರೂ ಹೆಚ್ಚು ಕಾಲ ಹಿಂದೆಯೇ ಕುಳಿತರು. 2004ರಲ್ಲಿ ಅವರು ತೀರಿಕೊಂಡರು. ಹೀಗೆ ಆ ಮನೆಯಲ್ಲಿ ಒಬ್ಬರು ಮುಂದೆ ಕುಳಿತು ಹಾಡಲು ಇಬ್ಬರು ಸಹಾಯ ಮಾಡಿದರು. ಒಬ್ಬರು ತಾಯಿ, ಒಬ್ಬರು ಮಗಳು. ಮುಂದೆ ಕುಳಿತವರನ್ನು ಲೋಕ ಬಲ್ಲದು.

ಗಂಗೂಬಾಯಿಯವರು 2006ರವರೆಗೂ ಕಛೇರಿಗಳಲ್ಲಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು. ಆಗ ಅವರಿಗೆ 96 ವರ್ಷ. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ವಯಸ್ಸಾದ ಮೇಲೆ ತಮ್ಮ ಬದುಕಿನ ಕಥೆಯನ್ನು ಹೇಳುವಾಗ ಅವರು ಅವ್ವ ಹಾಡು ಬಿಟ್ಟ ಸಂಗತಿಯನ್ನು ಮರೆಯದೆ ಹೇಳಿದರು. ಅವರು ಹೇಳಿದ್ದರಿಂದಲೇ ಅದು ನಮಗೆ ತಿಳಿದಿದೆ. ಇಲ್ಲದಿದ್ದರೆ ಅಂಬಾಬಾಯಿಯವರ ಮೌನ ಆ ಮನೆಯ ನಾಲ್ಕು ಗೋಡೆಗಳ ನಡುವೆಯೇ ಉಳಿದುಹೋಗುತ್ತಿತ್ತು.

ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ನಾನು ಈ ಕಥೆ ಹೇಳಿದಾಗ ಅವರು ಸುಮ್ಮನೆ ಕೇಳಿ ಮನೆಗೆ ಹೋದರು. ಎರಡು ದಿನ ಬಿಟ್ಟು ಒಬ್ಬ ಹುಡುಗಿ ಪ್ರಾರ್ಥನೆಗೆ ಮೊದಲೇ ನನ್ನ ಬಳಿ ಬಂದಳು. ರೊಟ್ಟಿ ಬಡಿಯುವಾಗ ಅವ್ವನ ಹತ್ತಿರ ಕುಳಿತು, ನಿನಗೆ ಏನೇನು ಬರುತ್ತದೆ ಎಂದು ಕೇಳಿದಳಂತೆ. ಅವ್ವ ಮೊದಲು ನಕ್ಕಳಂತೆ. ಆಮೇಲೆ ಮದುವೆಯ ಸೋಬಾನೆ ಪದ ಬರುತ್ತವೆ ಎಂದಳಂತೆ. ಒಂದು ಪದ ಹಾಡಿ, ಎರಡನೆಯದಕ್ಕೆ ನಾಚಿ, ಹೆಂಚಿನ ಮೇಲೆ ರೊಟ್ಟಿ ಹೊತ್ತುತ್ತದೆ ಎಂದು ಎದ್ದಳಂತೆ.